ಪಡೀಲ್, ಏಪ್ರಿಲ್ 2020: ಮುಚ್ಚಿದ ಬಾಗಿಲ ಒಳಗಿನ ಗಾಳಿ

2020ರ ಏಪ್ರಿಲ್ ಮೂರನೆಯ ವಾರದವರೆಗೂ ದಕ್ಷಿಣ ಕನ್ನಡದ ಪಾಲಿಗೆ ಕೋವಿಡ್ ಹೊರಗಿನಿಂದ ಬರುವ ಕಾಯಿಲೆಯಾಗಿತ್ತು. ಬಜಪೆಯಲ್ಲಿ ವಿಮಾನದಿಂದ ಇಳಿದವರು, ಕೊಲ್ಲಿ ದೇಶಗಳಿಂದ ಮರಳಿದವರು, ಕಾಸರಗೋಡಿನ ಕಡೆಯಿಂದ ಬರುವವರು, ಇವರ ಮೇಲೆಯೇ ಆಡಳಿತದ ಕಣ್ಣು. ತಲಪಾಡಿಯ ಗಡಿ ಮುಚ್ಚಿತ್ತು. ದಶಕಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳಲ್ಲಿ ಹಲವರು ದಾರಿ ಸಿಗದೆ ಪ್ರಾಣ ಬಿಟ್ಟರು. ಗಡಿಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹೀಗೆ ಗಡಿ ಕಾಯುತ್ತಿದ್ದಾಗಲೇ ಏಪ್ರಿಲ್ 19ರಂದು ಬಂಟ್ವಾಳದ ಮಹಿಳೆಯೊಬ್ಬರು ವೆನ್ಲಾಕ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಜಿಲ್ಲೆಯ ಮೊದಲ ಕೋವಿಡ್ ಸಾವು. ನಾಲ್ಕು ದಿನ ಕಳೆದು ಅವರ ಅತ್ತೆಯೂ ಹೋದರು. ಪಾರ್ಶ್ವವಾಯು ಬಡಿದಿದ್ದ ಆ ಹಿರಿಯ ಜೀವಕ್ಕೆ ಅದಕ್ಕೆ ಮೊದಲು ಚಿಕಿತ್ಸೆ ನಡೆದಿದ್ದು ಪಡೀಲಿನ ಫಸ್ಟ್ ನ್ಯೂರೋ ಆಸ್ಪತ್ರೆಯಲ್ಲಿ. ಮಂಗಳೂರು ಜಂಕ್ಷನ್ ರೈಲು ನಿಲ್ದಾಣವೂ ಬಿ.ಸಿ. ರೋಡಿನತ್ತ ಹೋಗುವ ಹೆದ್ದಾರಿಯೂ ಇರುವ ಪಡೀಲ್, ಮಂಗಳೂರಿನೊಳಗೆ ಬರುವ ಬಹಳಷ್ಟು ಮಂದಿ ಹಾದುಹೋಗುವ ಜಾಗ. ಏಪ್ರಿಲ್ ಕೊನೆಯ ವಾರದಲ್ಲಿ ಆಸ್ಪತ್ರೆಯನ್ನು ಸೀಲ್‌ಡೌನ್ ಮಾಡಲಾಯಿತು. ವೈದ್ಯರು, ದಾದಿಯರು, ಆಯಾಗಳು, ರೋಗಿಗಳು, ಅವರ ಜೊತೆಗೆ ಬಂದ ಬಂಧುಗಳು ಒಳಗೇ ಉಳಿದರು. ಮುಂದಿನ ದಿನಗಳಲ್ಲಿ ಆ ಆಸ್ಪತ್ರೆಯ ಸಂಪರ್ಕದ ಪ್ರಕರಣಗಳು ಒಂದರ ಹಿಂದೆ ಒಂದರಂತೆ ಸರ್ಕಾರದ ಸಂಜೆಯ ಬುಲೆಟಿನ್‌ನಲ್ಲಿ ಕಾಣಿಸತೊಡಗಿದವು.

ಆ ದಿನಗಳ ಭಯಕ್ಕೆ ಒಂದು ದಿಕ್ಕಿತ್ತು, ಆ ದಿಕ್ಕು ತಪ್ಪಾಗಿತ್ತು. ಅತ್ತೆಯ ಶವಸಂಸ್ಕಾರಕ್ಕೆ ಪಚ್ಚನಾಡಿಯಲ್ಲಿ ವಿರೋಧ ಬಂತು. ಕೊನೆಗೆ ಬಂಟ್ವಾಳದ ಕೈಕುಂಜೆಯಲ್ಲಿ ನಡುರಾತ್ರಿ ಕಳೆದ ಮೇಲೆ ಚಿತೆ ಉರಿಯಿತು. ಸುಟ್ಟರೆ ಸುತ್ತಲಿನ ಮನೆಗಳಿಗೆ ರೋಗ ಹರಡೀತು ಎಂದು ಜನ ಹೆದರಿದ್ದರು. ಬಯಲಲ್ಲಿ, ನೂರಾರು ಡಿಗ್ರಿಯ ಬೆಂಕಿಯಲ್ಲಿ ಯಾವ ವೈರಾಣುವೂ ಉಳಿಯದು. ಆದರೆ ತೆರೆದ ಆಕಾಶದ ಹೊಗೆಗೆ ಅಂಜಿದ ಅದೇ ಊರಿನಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಂಟು ಹನ್ನೆರಡು ಗಂಟೆ ದುಡಿಯುವವರು ಉಸಿರಾಡುವ ಗಾಳಿಯ ಬಗ್ಗೆ ಮಾತೇ ಏಳಲಿಲ್ಲ. ರೋಗ ತಂದವರು ಯಾರು ಎಂಬ ಹುಡುಕಾಟ ಜೋರಾಗಿ ನಡೆಯಿತು. ಸೊಸೆಯಿಂದ ಅತ್ತೆಗೋ, ಅತ್ತೆಯಿಂದ ಸೊಸೆಗೋ, ಆಸ್ಪತ್ರೆಯಿಂದ ಮನೆಗೋ, ಮನೆಯಿಂದ ಆಸ್ಪತ್ರೆಗೋ ಎಂದು ಬೀದಿಬೀದಿಯಲ್ಲಿ ಚರ್ಚೆ. ನನ್ನ ವಾದವಿಷ್ಟು: ಆ ಹುಡುಕಾಟದ ಪ್ರಶ್ನೆಯೇ ಸಣ್ಣದು. ಯಾರು ತಂದರು ಎನ್ನುವುದಕ್ಕಿಂತ, ತಂದದ್ದು ಅಷ್ಟು ಮಂದಿಗೆ ಹೇಗೆ ಹಂಚಿಹೋಯಿತು ಎನ್ನುವುದು ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಬೇಕಾದ ತಿಳಿವಳಿಕೆ 2020ರ ಹೊತ್ತಿಗೆ ನಮ್ಮ ನಾಡಿನಲ್ಲೇ ಇತ್ತು. ಅದನ್ನು ಬಳಸದೆ ಬಿಟ್ಟದ್ದರ ಬೆಲೆ ತೆತ್ತವರು ಮುಚ್ಚಿದ ಕೋಣೆಗಳಲ್ಲಿ ದುಡಿಯುವವರು.

ಈ ಮರೆವಿಗೆ ಶತಮಾನದ ಚರಿತ್ರೆಯಿದೆ. ಕೆಟ್ಟ ಗಾಳಿಯಿಂದ ಕಾಯಿಲೆ ಬರುತ್ತದೆಂದು ಹತ್ತೊಂಬತ್ತನೆಯ ಶತಮಾನದ ಯುರೋಪು ನಂಬಿತ್ತು. ಕಾಲರಾ ಹರಡುವುದು ನೀರಿನಿಂದ, ಮಲೇರಿಯಾ ಸೊಳ್ಳೆಯಿಂದ ಎಂದು ಗೊತ್ತಾದ ಮೇಲೆ ಆ ನಂಬಿಕೆ ಮೂಢನಂಬಿಕೆಯ ಪಟ್ಟಿಗೆ ಸೇರಿತು. 1910ರಲ್ಲಿ ಅಮೆರಿಕದ ಆರೋಗ್ಯಾಧಿಕಾರಿ ಚಾರ್ಲ್ಸ್ ಚೇಪಿನ್, ಸೋಂಕು ಹರಡುವುದು ಮುಖ್ಯವಾಗಿ ಸ್ಪರ್ಶದಿಂದ ಮತ್ತು ತೀರ ಹತ್ತಿರದ ಎಂಜಲ ಹನಿಯಿಂದ, ಗಾಳಿಗೆ ಹೆದರಬೇಕಾದ್ದು ಕಡಿಮೆ ಎಂದು ಬರೆದ. ಜನ ಗಾಳಿಗೆ ಹೆದರುತ್ತಾ ಕುಳಿತರೆ ಕೈ ತೊಳೆಯುವುದನ್ನು ಮರೆತಾರು ಎಂಬ ಕಾಳಜಿ ಅವನದು. ಆ ಕಾಳಜಿಯೇ ಮುಂದೆ ಸಿದ್ಧಾಂತವಾಯಿತು. 1930ರ ದಶಕದಲ್ಲಿ ಸಂಶೋಧಕ ವಿಲಿಯಂ ವೆಲ್ಸ್ ಬೇರೆಯದನ್ನು ಕಂಡ: ಬಾಯಿಯಿಂದ ಹೊರಟ ಸಣ್ಣ ಹನಿ ನೆಲ ಮುಟ್ಟುವ ಮೊದಲೇ ಒಣಗಿ, ಅದರೊಳಗಿನ ರೋಗಾಣು ಗಾಳಿಯಲ್ಲಿ ತೇಲುತ್ತಲೇ ಉಳಿಯುತ್ತದೆ. ಮುಚ್ಚಿದ ಕೋಣೆಯ ಮೂಲೆಯಲ್ಲಿ ಹಚ್ಚಿಟ್ಟ ಊದುಬತ್ತಿಯ ಹೊಗೆಯಂತೆ ಅದು. ಮೊದಲು ಹತ್ತಿರದವರಿಗೆ, ಸ್ವಲ್ಪ ಹೊತ್ತಿನಲ್ಲಿ ಕೋಣೆಯಲ್ಲಿರುವ ಎಲ್ಲರಿಗೂ. ವೆಲ್ಸ್‌ನ ಮಾತನ್ನು ನಂಬಿದವರು ಕಡಿಮೆ. 1950ರ ದಶಕದ ಕೊನೆಗೆ ಅವನೂ ರಿಚರ್ಡ್ ರೈಲಿಯೂ ಬಾಲ್ಟಿಮೋರಿನ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಆರು ಹಾಸಿಗೆಗಳ ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಮೇಲಿನ ಕೋಣೆಯಲ್ಲಿದ್ದ ಗಿನಿ ಹಂದಿಗಳ ಗೂಡಿಗೆ ಹರಿಸಿದರು. ಪ್ರಾಣಿಗಳು ರೋಗಿಗಳನ್ನು ಮುಟ್ಟಲಿಲ್ಲ, ನೋಡಲೂ ಇಲ್ಲ. ಆದರೂ ಒಂದೊಂದಾಗಿ ಕ್ಷಯಕ್ಕೆ ಬಿದ್ದವು. ಅದೇ ಗಾಳಿಯನ್ನು ಅತಿನೇರಳೆ ಕಿರಣದಡಿ ಹಾಯಿಸಿ ಇನ್ನೊಂದು ಗುಂಪಿಗೆ ಕೊಟ್ಟಾಗ ಆ ಗುಂಪು ಕ್ಷೇಮವಾಗಿತ್ತು. ಕ್ಷಯದ ಮಟ್ಟಿಗೆ ವಾದ ಮುಗಿಯಿತು. ಉಳಿದ ಬಹುತೇಕ ಉಸಿರಾಟದ ಕಾಯಿಲೆಗಳಿಗೆ ಚೇಪಿನ್‌ನ ಮಾತೇ ನಿಯಮವಾಗಿ ಮುಂದುವರಿಯಿತು.

ಕ್ಷಯದ ಈ ಪಾಠ ನಮಗೆ ದೂರದ್ದಲ್ಲ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯ ಔಷಧ ಚಿಕಿತ್ಸಾ ಕೇಂದ್ರ, ಮನೆಯಲ್ಲೇ ಮಾತ್ರೆ ನುಂಗಿದ ರೋಗಿಗಳನ್ನೂ ಸ್ಯಾನಟೋರಿಯಂ ಸೇರಿದವರನ್ನೂ ಹೋಲಿಸಿ ನೋಡಿತು. ಚಿಕಿತ್ಸೆ ಸರಿಯಾಗಿ ನಡೆದರೆ ಮನೆಯವರಿಗೆ ಹೆಚ್ಚಿನ ಅಪಾಯವಿಲ್ಲ ಎಂಬ ಅದರ ಶೋಧ ಲೋಕದ ಕ್ಷಯ ಚಿಕಿತ್ಸೆಯನ್ನೇ ಬದಲಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿತು. 1962ರ ರಾಷ್ಟ್ರೀಯ ಕಾರ್ಯಕ್ರಮದ ರೂಪುರೇಷೆ ಅಲ್ಲಿಂದ ಬಂತು. ಈ ಕೆಲಸದೊಳಗೆ ಅಡಗಿದ್ದ ಇನ್ನೊಂದು ಸತ್ಯಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಕಾಯಿಲೆ ಗೊತ್ತಾಗಿ ಔಷಧ ತೆಗೆದುಕೊಳ್ಳುತ್ತಿರುವವನಿಗಿಂತ, ಕಾಯಿಲೆ ಇದೆ ಎಂದೇ ಯಾರಿಗೂ ತಿಳಿಯದವನಿಂದ ಸುತ್ತಲಿನವರಿಗೆ ಅಪಾಯ ಹೆಚ್ಚು. ಪಡೀಲಿನಲ್ಲಿ ಆದದ್ದು ಇದಕ್ಕೆ ಹತ್ತಿರವಾದುದು. ನರರೋಗದ ಆಸ್ಪತ್ರೆಗೆ ಬರುವವರು ಕೆಮ್ಮು ಜ್ವರವೆಂದು ಬರುವವರಲ್ಲ. ಪಾರ್ಶ್ವವಾಯು, ಫಿಟ್ಸು, ತಲೆಗೆ ಪೆಟ್ಟು ಎಂದು ಬರುವವರು. ಅಂದಿನ ಪರೀಕ್ಷಾ ನಿಯಮ ಕೇಳುತ್ತಿದ್ದದ್ದು ವಿದೇಶ ಪ್ರಯಾಣ, ಸೋಂಕಿತರ ಸಂಪರ್ಕ, ತೀವ್ರ ಉಸಿರಾಟದ ತೊಂದರೆ. ಈ ಜರಡಿಯಲ್ಲಿ ಪಾರ್ಶ್ವವಾಯುವಿನ ರೋಗಿ ಸಿಕ್ಕಿಬೀಳುವುದು ತಡವಾಗಿ. ವೆನ್ಲಾಕನ್ನು ಕೋವಿಡ್‌ಗೆಂದೇ ಮೀಸಲಿಟ್ಟು ಅಲ್ಲಿ ಎಚ್ಚರದಿಂದ ದುಡಿದದ್ದು ಸರಿ. ಎಚ್ಚರ ಇನ್ನೂ ಹೆಚ್ಚು ಬೇಕಿದ್ದದ್ದು ಕೋವಿಡ್ ಇಲ್ಲ ಎಂದು ಎಲ್ಲರೂ ನಂಬಿದ್ದ ಕಡೆ.

ಮುಚ್ಚಿದ ಜಾಗದಲ್ಲಿ ದುಡಿಯುವವರ ಗಾಳಿ ಅವರ ಕೂಲಿಯಷ್ಟೇ ಮುಖ್ಯವಾದ ಪ್ರಶ್ನೆ ಎಂದು ಕರ್ನಾಟಕಕ್ಕೆ ಮೊದಲು ಕಲಿಸಿದ್ದು ಕೋಲಾರದ ಚಿನ್ನದ ಗಣಿ. ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರನ್ನೂ ದಾಟಿತ್ತು. ಕಲ್ಲು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನು ಗಟ್ಟಿಯಾಗಿಸುತ್ತಿತ್ತು. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮೀರಿ ಸಿಲಿಕೋಸಿಸ್ ಕಂಡಿತು. ಸಿಲಿಕೋಸಿಸ್ ಸೋಂಕು ರೋಗವಲ್ಲ, ಸರಿ. ಆದರೆ ಆ ಶ್ವಾಸಕೋಶದಲ್ಲಿ ಕ್ಷಯ ಬಲು ಬೇಗ ಬೇರೂರುತ್ತದೆ. ಹಗಲಲ್ಲಿ ಸುರಂಗದ ದೂಳು, ರಾತ್ರಿ ಒತ್ತೊತ್ತಾದ ಲೈನು ಮನೆಗಳ ಒಂದೇ ಕೋಣೆಯ ಉಸಿರು. ಎರಡೂ ಸೇರಿದಾಗ ಗಣಿಯ ಕಾಯಿಲೆ ಮನೆಯ ಕಾಯಿಲೆಯಾಗುತ್ತದೆ. ಗಣಿ ಮುಚ್ಚಿದ್ದು 2001ರಲ್ಲಿ. ಆದರೆ ಈ ನೋವಿನಿಂದ ಕಾನೂನಿಗೆ ಒಂದು ದೃಢವಾದ ವಿಷಯ ದಕ್ಕಿತು: ಗಾಳಿಯನ್ನು ಅಳೆಯಬಹುದು, ಅಳೆದು ಆಜ್ಞಾಪಿಸಬಹುದು. ಭಾರತದ ಲೋಹ ಗಣಿಗಳ 1961ರ ನಿಯಮದಲ್ಲಿ, ದುಡಿಯುವ ಜಾಗದ ಗಾಳಿಯಲ್ಲಿ ಆಮ್ಲಜನಕ ಶೇಕಡ 19ಕ್ಕಿಂತ ಕಡಿಮೆಯಾಗಕೂಡದು, ಇಂಗಾಲದ ಡೈಆಕ್ಸೈಡ್ ಶೇಕಡ ಅರ್ಧವನ್ನು ಮೀರಕೂಡದು ಎಂದು ಅಂಕಿಯಲ್ಲೇ ಇದೆ. 1948ರ ಕಾರ್ಖಾನೆ ಕಾಯಿದೆ ಕೆಲಸಗಾರನೊಬ್ಬನಿಗೆ ಕನಿಷ್ಠ 14.2 ಘನ ಮೀಟರ್ ಜಾಗ ಬೇಕೆಂದಿತು, ಸಾಕಷ್ಟು ಹೊಸ ಗಾಳಿ ಆಡುತ್ತಿರಬೇಕೆಂದಿತು. ಗಣಿಯಲ್ಲಿ ಇಳಿದವನಿಗೆ, ಮಗ್ಗದ ಮುಂದೆ ನಿಂತವನಿಗೆ ಸಿಕ್ಕ ಈ ಬರಹದ ಹಕ್ಕು ಐಸಿಯುವಿನಲ್ಲಿ ರಾತ್ರಿ ಪಾಳಿ ಮಾಡುವ ದಾದಿಗೆ, ಬೆಡ್‌ಪ್ಯಾನ್ ಎತ್ತುವ ಆಯಾಗೆ ಆ ಕಾಯಿದೆಯಿಂದ ಸಿಗಲಿಲ್ಲ, ಏಕೆಂದರೆ ಆಸ್ಪತ್ರೆ ಕಾರ್ಖಾನೆಯಲ್ಲ. ಹತ್ತು ಮಂದಿ ದುಡಿಯುವ ಎಲ್ಲ ಸಂಸ್ಥೆಗಳನ್ನೂ ಒಳಗೊಳ್ಳಲು ಹೊರಟ ಔದ್ಯೋಗಿಕ ಸುರಕ್ಷತೆಯ ಸಂಹಿತೆಯನ್ನು ಸಂಸತ್ತು ಅಂಗೀಕರಿಸಿದ್ದು 2020ರ ಸೆಪ್ಟೆಂಬರಿನಲ್ಲಿ, ಪಡೀಲಿನ ಸೀಲ್‌ಡೌನ್ ಆಗಿ ಐದು ತಿಂಗಳ ಮೇಲೆ.

ಇಲ್ಲಿ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ: ಏಪ್ರಿಲ್ 2020ರಲ್ಲಿ ಯಾರಿಗೆ ಗೊತ್ತಿತ್ತು? ವಿಶ್ವ ಆರೋಗ್ಯ ಸಂಸ್ಥೆಯೇ ಮಾರ್ಚ್ 28ರಂದು ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲ ಎಂದು ಲೋಕಕ್ಕೆಲ್ಲ ಸಾರಿತ್ತು. ಜುಲೈಯಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆಯಬೇಕಾಯಿತು. ಸಂಸ್ಥೆ ಸ್ಪಷ್ಟ ಮಾತಿನಲ್ಲಿ ಒಪ್ಪಿಕೊಂಡಾಗ 2021ರ ಏಪ್ರಿಲ್ ಮುಗಿಯುತ್ತಿತ್ತು. ಹಾಗಿರುವಾಗ ಮಂಗಳೂರಿನ ಒಂದು ಆಸ್ಪತ್ರೆಯನ್ನೋ ಜಿಲ್ಲಾಡಳಿತವನ್ನೋ ದೂರುವುದು ಸಲ್ಲದು, ನಾನು ದೂರುತ್ತಲೂ ಇಲ್ಲ. ಆದರೆ ಗೊತ್ತೇ ಇರಲಿಲ್ಲ ಎಂಬ ಮಾತನ್ನು ಪೂರ್ತಿ ಒಪ್ಪಲಾರೆ. 2003ರ ಮಾರ್ಚಿನಲ್ಲಿ ಹಾಂಗ್‌ಕಾಂಗಿನ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆಯ ಒಂದೇ ವಾರ್ಡಿನಿಂದ ಹಬ್ಬಿದ ಸಾರ್ಸ್ ಕುರಿತ ವರದಿಯಲ್ಲಿದ್ದ 138 ರೋಗಿಗಳಲ್ಲಿ ಅರ್ಧದಷ್ಟು ಮಂದಿ ಆರೋಗ್ಯ ಕಾರ್ಯಕರ್ತರು. ಆ ವಾರ್ಡಿನ ಗಾಳಿಯ ಹರಿವಿಗೂ ಸೋಂಕಿಗೂ ಇದ್ದ ನಂಟನ್ನು ಸಂಶೋಧಕರು ಆಮೇಲೆ ತೋರಿಸಿದರು. ಗುವಾಂಗ್‌ಝೌನ ಕಿಟಕಿಯಿಲ್ಲದ ಹೋಟೆಲಿನಲ್ಲಿ ಹವಾನಿಯಂತ್ರಕದ ಗಾಳಿಯ ಸಾಲಿನಲ್ಲಿ ಕುಳಿತ ಮೂರು ಕುಟುಂಬಗಳ ಹತ್ತು ಮಂದಿಗೆ ಕೋವಿಡ್ ತಗುಲಿದ ವಿವರ ಪ್ರಕಟವಾದದ್ದು 2020ರ ಏಪ್ರಿಲ್ ಮೊದಲ ವಾರದಲ್ಲಿ, ಪಡೀಲಿಗಿಂತ ಮೊದಲೇ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೇ ಕ್ಷಯವನ್ನು ಮನಸ್ಸಿನಲ್ಲಿಟ್ಟು 2010ರಲ್ಲಿ ಆಸ್ಪತ್ರೆಗಳ ಗಾಳಿಸೋಂಕು ತಡೆಗೆ ಮಾರ್ಗಸೂಚಿ ಹೊರಡಿಸಿತ್ತು. ಅಪಾಯದ ಕೋಣೆಗಳ ಗಾಳಿ ತಾಸಿಗೆ ಹನ್ನೆರಡು ಸಲ ಬದಲಾಗಬೇಕು, ಕಿಟಕಿಗಳು ಎದುರುಬದುರಾಗಿರಬೇಕು, ರೋಗಿಯ ಕಡೆಯಿಂದ ಸಿಬ್ಬಂದಿಯ ಕಡೆಗೆ ಗಾಳಿ ಬೀಸಕೂಡದು ಎಂಬಂಥ ವಿವರಗಳು ಅಂಥ ಮಾರ್ಗಸೂಚಿಗಳ ಜೀವಾಳ. ತಿಳಿವಳಿಕೆ ಇತ್ತು, ಕ್ಷಯದ ಹೆಸರಿನ ಕಪಾಟಿನೊಳಗೆ ಬೀಗ ಹಾಕಿಕೊಂಡು ಕೂತಿತ್ತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪಡೀಲಿನಲ್ಲಿ ಸೋಂಕು ಗಾಳಿಯಿಂದಲೇ ಹರಡಿತು ಎಂಬುದಕ್ಕೆ ಪುರಾವೆ ಎಲ್ಲಿ? ಪಾರ್ಶ್ವವಾಯುವಿನ ರೋಗಿಯನ್ನು ಮಗ್ಗುಲು ಬದಲಿಸಲು ನಾಲ್ಕು ಕೈ ಬೇಕು. ಬಾಯಿ ಒರೆಸಬೇಕು, ಗಂಟಲ ಕಫ ಎಳೆಯಬೇಕು. ಸ್ಪರ್ಶವೂ ಇದೆ, ಹತ್ತಿರದ ಹನಿಯೂ ಇದೆ. ಇದು ನಿಜ, ಒಂದೊಂದು ಪ್ರಕರಣದ ದಾರಿಯನ್ನು ಈಗ ಬಿಡಿಸಿ ಹೇಳಲಾಗದು. ಆದರೆ ನನ್ನ ವಾದ ಅದರ ಮೇಲೆ ನಿಂತಿಲ್ಲ. ಕಫ ಎಳೆಯುವಾಗ ಗಾಳಿಗೂ ಕಣಗಳು ಸೇರುತ್ತವೆ; ಹತ್ತಿರ ನಿಂತವರಿಗೆ ಹನಿಗಿಂತ ಹೆಚ್ಚಾಗಿ ತಾಗುವುದು ಆ ಗಾಳಿಯೇ. ಮುಟ್ಟಿದ ವಸ್ತುವನ್ನೇ ಶಂಕಿಸುವ ಅಭ್ಯಾಸ ನಮ್ಮನ್ನು ಎಲ್ಲಿಗೆ ಒಯ್ಯಿತು ಎನ್ನುವುದಕ್ಕೆ ನಂಜನಗೂಡು ಸಾಕ್ಷಿ. ಅಲ್ಲಿನ ಜುಬಿಲಂಟ್ ಔಷಧ ಕಾರ್ಖಾನೆಯ ಉದ್ಯೋಗಿಯೊಬ್ಬರಲ್ಲಿ 2020ರ ಮಾರ್ಚ್ 26ರಂದು ಸೋಂಕು ಪತ್ತೆಯಾಯಿತು. ಅವರು ವಿದೇಶಕ್ಕೆ ಹೋದವರಲ್ಲ. ಆ ಸರಪಳಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಬೆಳೆಯಿತು. ನಾಡಿನ ಕಣ್ಣೆಲ್ಲ ನೆಟ್ಟದ್ದು ಚೀನಾದಿಂದ ಬಂದ ಕಚ್ಚಾ ಸರಕಿನ ಪೆಟ್ಟಿಗೆಗಳ ಮೇಲೆ. ಮಾದರಿ ಪುಣೆಯ ವೈರಾಣು ಸಂಸ್ಥೆಗೆ ಹೋಯಿತು. ಅಲ್ಲಿಂದ ಬಂದ ಉತ್ತರ ಇಲ್ಲ ಎಂದೇ. ಪೆಟ್ಟಿಗೆಯ ವಿಚಾರಣೆಗೆ ಸಿಕ್ಕಿದ್ದರ ಕಾಲುಭಾಗ ಗಮನವೂ, ಔಷಧದ ಶುದ್ಧತೆಗಾಗಿ ಮುಚ್ಚಿಟ್ಟ ಕೊಠಡಿಗಳಿಗೆ, ಉಡುಪು ಬದಲಿಸುವ ಕೋಣೆಗೆ, ಸಿಬ್ಬಂದಿಯನ್ನು ತುಂಬಿಕೊಂಡು ಬರುವ ಬಸ್ಸಿಗೆ ಸಿಗಲಿಲ್ಲ. ಪೆಟ್ಟಿಗೆ ಎತ್ತಿದವನು ಒಬ್ಬ ಇರಬಹುದು; ಎಪ್ಪತ್ತು ಮಂದಿ ಹಂಚಿಕೊಂಡದ್ದು ಒಂದೇ ಪೆಟ್ಟಿಗೆಯನ್ನಲ್ಲ.

ಪಡೀಲಿನ ಆಸ್ಪತ್ರೆಯ ಬಾಗಿಲು ಮುಚ್ಚದೆ ಬಿಟ್ಟಿದ್ದರೆ ಊರಿಗೆ ಊರೇ ಹೊತ್ತಿಕೊಳ್ಳುತ್ತಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಬೇರ್ಪಡಿಸುವುದು ಅಗತ್ಯವಿತ್ತು. ಬೇರ್ಪಡಿಸಿದವರನ್ನು ಎಂಥ ಗಾಳಿಯಲ್ಲಿ ಇಟ್ಟೆವು ಎಂಬುದು ಅದರ ಮುಂದಿನ ಪ್ರಶ್ನೆ. ಅದೇ ವರ್ಷದ ಫೆಬ್ರುವರಿಯಲ್ಲಿ ಯೊಕೊಹಾಮ ಬಂದರಿನಲ್ಲಿ ತಡೆದು ನಿಲ್ಲಿಸಿದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ 3,711 ಮಂದಿಯಿದ್ದರು. ಅವರಲ್ಲಿ 712 ಮಂದಿಗೆ ಸೋಂಕಾಯಿತು. ಪ್ರಯಾಣಿಕರಿಗೆ ಕೋಣೆಯೊಳಗಿರಲು ಹೇಳಿದಾಗಲೂ ಹಡಗಿನ ಕೆಲಸಗಾರರು ಅಡುಗೆ ಮಾಡುತ್ತಿದ್ದರು, ತಟ್ಟೆ ಹಂಚುತ್ತಿದ್ದರು, ಕೆಳ ಅಂತಸ್ತಿನ ಕಿರುಕೋಣೆಗಳಲ್ಲಿ ಜೊತೆಜೊತೆಯಾಗಿ ಮಲಗುತ್ತಿದ್ದರು. ದಿಗ್ಬಂಧನವೆಂಬುದು ಎಲ್ಲರಿಗೂ ಒಂದೇ ಅಲ್ಲ. ಅದರೊಳಗೆ ದುಡಿಯಬೇಕಾದವನಿಗೆ ಅದು ಬೇರೆ. ಆಸ್ಪತ್ರೆಯ ಸೀಲ್‌ಡೌನ್ ಎಂದರೂ ಹಾಗೆಯೇ. ಒಳಗೆ ಉಳಿದ ರೋಗಿಗಳಿಗೆ ಹೊತ್ತುಹೊತ್ತಿಗೆ ಔಷಧ ಬೇಕು, ಊಟ ಬೇಕು, ಶುಚಿ ಬೇಕು. ಕೊಡಬೇಕಾದವರು ಅದೇ ಕಟ್ಟಡದಲ್ಲಿ ಉಂಡು, ಅದೇ ಕಟ್ಟಡದಲ್ಲಿ ಮಲಗಿ, ಮತ್ತೆ ಅದೇ ವಾರ್ಡಿಗೆ ಹೋಗುವವರು. ಮಾಸ್ಕ್ ತೆಗೆಯಲೇಬೇಕಾದ ಊಟದ ಕೋಣೆ, ನಿದ್ದೆಯ ಕೋಣೆ ಇವೇ ಅವರ ಅತಿ ದುರ್ಬಲ ಜಾಗಗಳು. ಕೈತೊಳೆಯುವ ದ್ರಾವಣ ಎಷ್ಟು ಲೀಟರ್ ಬೇಕೆಂದು ಲೆಕ್ಕ ಹಾಕಿದ ಆಡಳಿತ, ಊಟದ ಕೋಣೆಗೆ ಕಿಟಕಿ ಇದೆಯೇ ಎಂದು ಕೇಳಬೇಕೆಂಬುದು ಆ ಕಾಲದ ಯಾವ ಕಾರ್ಯಸೂಚಿಯಲ್ಲೂ ಮೇಲಿನ ಸಾಲಿನಲ್ಲಿರಲಿಲ್ಲ.

ಇನ್ನು ಕರಾವಳಿಯ ಸೆಕೆಯ ಮಾತು. ಏಪ್ರಿಲ್ ಮೇ ತಿಂಗಳ ಮಂಗಳೂರಿನಲ್ಲಿ ಕಿಟಕಿ ತೆರೆದಿಡಿ ಎನ್ನುವುದು ಸುಲಭ, ಪಿಪಿಇ ತೊಟ್ಟು ಆರು ತಾಸು ನಿಲ್ಲುವವಳಿಗೆ ಅದು ಹಿಂಸೆ. ನರಶಸ್ತ್ರಚಿಕಿತ್ಸೆಯ ಐಸಿಯುವಿಗೆ ದೂಳು ಸೊಳ್ಳೆ ಬಿಡುವಂತೆಯೂ ಇಲ್ಲ. ಒಪ್ಪುವ ಮಾತು. ಆದರೆ ತಂಪು ಬೇರೆ, ಹೊಸ ಗಾಳಿ ಬೇರೆ. ಗೋಡೆಗೆ ತೂಗುಹಾಕುವ ಸಾಮಾನ್ಯ ಏಸಿ ಕೋಣೆಯೊಳಗಿನ ಗಾಳಿಯನ್ನೇ ಎಳೆದು ತಣಿಸಿ ಮತ್ತೆ ಕೋಣೆಗೇ ಬಿಡುತ್ತದೆ. ಹೊರಗಿನಿಂದ ಏನನ್ನೂ ತರುವುದಿಲ್ಲ. ನಾವು ತಂಪನ್ನು ಕೊಂಡು ಗಾಳಿಯನ್ನು ಮಾರಿಕೊಂಡೆವು. ಪೆರುವಿನ ಲಿಮಾ ನಗರದ ಎಂಟು ಆಸ್ಪತ್ರೆಗಳ ಎಪ್ಪತ್ತು ಕೋಣೆಗಳನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿಟಕಿ ಬಾಗಿಲು ತೆರೆದಾಗ ಗಾಳಿ ತಾಸಿಗೆ ಸರಾಸರಿ 28 ಸಲ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಆಡಿಸುವ ಕೋಣೆಗಳಲ್ಲಿ 12. 1950ಕ್ಕೆ ಮೊದಲು ಕಟ್ಟಿದ, ಎತ್ತರದ ಮಾಡು ದೊಡ್ಡ ಕಿಟಕಿಯ ವಾರ್ಡುಗಳಲ್ಲಿ 40. ನಮ್ಮ ಕರಾವಳಿಯ ಹಳೆಯ ಕಟ್ಟಡಗಳ ಹೆಂಚಿನ ಮಾಡು, ಗೋಡೆಯ ಮೇಲ್ತುದಿಯ ಗವಾಕ್ಷಿ, ಉದ್ದದ ಜಗಲಿ ಇವೆಲ್ಲ ಸೆಕೆಗೆ ಕಂಡುಕೊಂಡ ಉಪಾಯಗಳು. ಉಸಿರಿನ ಕಾಯಿಲೆಗೂ ಅವೇ ಉಪಾಯ. ಅಲ್ಲಿಗೇ ಮರಳಬೇಕೆಂದು ಹೇಳುತ್ತಿಲ್ಲ. ಹೊರಗಾಳಿಯನ್ನು ಸೋಸಿ ಒಳತರುವ ಯಂತ್ರ, ಗಾಳಿ ಹೊರದಬ್ಬುವ ಫ್ಯಾನು, ಸೂಕ್ಷ್ಮ ಜಾಲರಿಯ ಶೋಧಕ, ಮಾಡಿನಡಿಯ ಅತಿನೇರಳೆ ದೀಪ, ಎಲ್ಲವೂ ಇವೆ. 2020ರ ಏಪ್ರಿಲಿನಲ್ಲೇ ಭಾರತದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಏಸಿ ಓಡುವಾಗಲೂ ಹೊರಗಾಳಿ ಬರುವಂತೆ ನೋಡಿಕೊಳ್ಳಿ ಎಂದು ಸಲಹೆ ಕೊಟ್ಟಿತ್ತು.

ಖರ್ಚು ಎಂದು ಹಿಂದೆಗೆಯುವವರಿಗೆ ಅಳತೆಯಿಂದ ಶುರುಮಾಡಿ ಎನ್ನುತ್ತೇನೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಕೋಣೆಯಲ್ಲಿ ಅದು ಏರಿದಷ್ಟೂ ನಾವು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೇವೆ ಎಂದರ್ಥ. ಅದನ್ನು ತೋರಿಸುವ ಮೀಟರಿಗೆ ಕೆಲವು ಸಾವಿರ ರೂಪಾಯಿ. ಯಾವ ಆಸ್ಪತ್ರೆಯ ವಾರ್ಡಿಗೂ, ದಾದಿಯರ ವಿಶ್ರಾಂತಿ ಕೋಣೆಗೂ ಅದು ದುಬಾರಿಯಲ್ಲ. 2020ರ ಬುಲೆಟಿನ್‌ಗಳಲ್ಲಿ ರೋಗಿಯ ಸಂಖ್ಯೆ, ವಯಸ್ಸು, ಲಿಂಗ, ಜಿಲ್ಲೆ, ಪ್ರಯಾಣ, ಸಂಪರ್ಕ ಎಂದು ಅಂಕಣಗಳಿದ್ದವು. ಆ ಸಂಪರ್ಕ ನಡೆದ ಕೋಣೆ ಎಂಥದ್ದು ಎಂಬುದಕ್ಕೆ ಅಂಕಣವಿರಲಿಲ್ಲ. ಜಿಲ್ಲಾಡಳಿತದ ಹೊಸ ಸಂಕೀರ್ಣ 2025ರಲ್ಲಿ ಪಡೀಲಿನಲ್ಲೇ ತೆರೆದಿದೆ. ಖಾಸಗಿ ಆಸ್ಪತ್ರೆಗಳ ನೋಂದಣಿಯನ್ನು ನವೀಕರಿಸುವಾಗ ಬೆಂಕಿ ಸುರಕ್ಷೆಯ ಪತ್ರ, ಜೈವಿಕ ತ್ಯಾಜ್ಯದ ಪತ್ರ ಕೇಳುವ ಆಡಳಿತವು ಐಸಿಯು, ವಾರ್ಡು, ಸಿಬ್ಬಂದಿಯ ಊಟದ ಕೋಣೆ ಈ ಮೂರರ ಗಾಳಿಯ ಅಳತೆಯನ್ನೂ ಕೇಳಲಿ. ಹಾಗೆ ಕೇಳುವ ಮೊದಲು ತನ್ನದೇ ಸಭಾಂಗಣಗಳಲ್ಲಿ, ಜನ ಸಾಲುಗಟ್ಟಿ ನಿಲ್ಲುವ ಕೌಂಟರುಗಳ ಹಿಂದೆ ದಿನವಿಡೀ ಕೂರುವ ಗುಮಾಸ್ತರ ಪಕ್ಕದಲ್ಲಿ ಆ ಮೀಟರನ್ನು ಇಟ್ಟು ನೋಡಲಿ.